ಪರ್ಫೊರೇಷನ್ ಕೇಸಿಗೆ ನಾಲ್ಕೇ ದಿನ ಆ್ಯಂಟಿಬಯೊಟಿಕ್: ನನ್ನ ಅನುಭವ

ಸಣ್ಣ ಕರುಳಿನ ಶುರುವಿನಲ್ಲೇ ತೂತು ಬೀಳುವ ಡ್ಯುಯೊಡಿನಲ್ ಪರ್ಫೊರೇಷನ್‌ಗೆ ಪ್ಯಾಚ್ ಹಾಕಿ, ಹೊಟ್ಟೆ ತೊಳೆದು ಮುಗಿಸಿದ ಮೇಲೆ ಆ್ಯಂಟಿಬಯೊಟಿಕ್ ಎಷ್ಟು ದಿನ? ಯಾರನ್ನು ಕೇಳಿದರೂ "ಹತ್ತು ದಿನ ಇರಲಿ ಬಿಡಿ" ಅಂತಾರೆ. ನಾನು ನಾಲ್ಕಕ್ಕೇ ನಿಲ್ಲಿಸುತ್ತೇನೆ. ಮೊದಮೊದಲು ನಮ್ಮ ಅರಿವಳಿಕೆ ಡಾಕ್ಟರೇ "ಸೆಪ್ಸಿಸ್ ಆದ್ರೆ ರಾತ್ರಿ ನನ್ನನ್ನೇ ಎಬ್ಬಿಸ್ತೀರಲ್ಲ ಸಾರ್" ಅಂತ, ಸೋಂಕು ಮೈಗೆಲ್ಲ ಏರೀತು ಅನ್ನುವ ಭಯದಲ್ಲಿ ಗೊಣಗುತ್ತಿದ್ದರು. ಈಗ ಅವರೇ ಫೈಲ್ ನೋಡಿ "ಇವತ್ತು ನಿಲ್ಲಿಸಲ್ವಾ?" ಅಂತಾರೆ.

ಧೈರ್ಯ ಬಂದಿದ್ದು, ಹೊಟ್ಟೆಯ ಸೋಂಕಿಗೆ ಆ್ಯಂಟಿಬಯೊಟಿಕ್ ಎಷ್ಟು ದಿನ ಸಾಕು ಅಂತ ನೋಡಿದ 2015ರ ಸ್ಟಾಪ್-ಇಟ್ ಅಧ್ಯಯನದಿಂದ. 518 ರೋಗಿಗಳು, ನಾಲ್ಕು ದಿನಕ್ಕೂ ಸುಮಾರು ಎಂಟು ದಿನಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. "ಅದು ಅಮೆರಿಕ, ಕೆನಡಾದ ಕಥೆ" ಅಂದರು ಸ್ನೇಹಿತರು. ಮಾತು ಸುಳ್ಳಲ್ಲ. ನಮ್ಮಲ್ಲಿಗೆ ಬರುವವರು ಅಂಗಡಿಯ ನೋವಿನ ಮಾತ್ರೆ ಡೈಕ್ಲೊಫೆನಾಕ್ ನುಂಗಿ ಎರಡು ದಿನ ತಡೆದುಕೊಂಡು, ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾದ ಮೇಲೆ ಬರುವವರು.

ಕಷ್ಟ ಇದ್ದದ್ದು ಯಾರಿಗೆ ನಿಲ್ಲಿಸಬಹುದು ಅಂತ ಗುರುತಿಸುವುದರಲ್ಲಿ. ಮೊದಲು ಪ್ರೊಕ್ಯಾಲ್ಸಿಟೋನಿನ್ (ಸೋಂಕು ಇದ್ದರೆ ರಕ್ತದಲ್ಲಿ ಏರುವ ಅಂಶ) ಟೆಸ್ಟ್ ಹಿಡಿದೆ. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು, ಒಂದಕ್ಕೆ ಎರಡು ಸಾವಿರದ ಮೇಲೆ. ರಿಪೋರ್ಟ್ ಬರುವ ಹೊತ್ತಿಗೆ ರೋಗಿ ವಾರ್ಡಿನಲ್ಲಿ ಇಡ್ಲಿ ತಿನ್ನುತ್ತಿರುತ್ತಿದ್ದ! ಬಿಟ್ಟೆ. ಜ್ವರದ ಚಾರ್ಟ್ ನಂಬಿದೆ. ಐದನೇ ದಿನದ ಜ್ವರಕ್ಕೆ ಎಷ್ಟೋ ಸಲ ಕಾರಣ ಡ್ರಿಪ್‌ಗೆ ಕೈಗೆ ಚುಚ್ಚಿದ ಕ್ಯಾನುಲಾ, ಹೊಟ್ಟೆಯಲ್ಲ. ಬಿಳಿ ರಕ್ತಕಣದ ಕೌಂಟ್ ಅಂತೂ ತನ್ನಿಷ್ಟ ಬಂದ ಹಾಗೆ ಏರಿ ಇಳಿಯುತ್ತಿತ್ತು.

ಕೊನೆಗೆ ಕೈಹಿಡಿದಿದ್ದು, ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನ್ ಅಳೆಯುವ ಬಡಪಾಯಿ ಸಿಆರ್‌ಪಿ. ಅದೂ ಸುಲಭಕ್ಕೆ ಬರಲಿಲ್ಲ. ನಮ್ಮ ಲ್ಯಾಬಿನ ಲೇಟೆಕ್ಸ್ ಟೆಸ್ಟ್ ಬರೀ "ಪಾಸಿಟಿವ್" ಅಂತ ಬರೆದು ಕಳಿಸುತ್ತಿತ್ತು. ಆಪರೇಷನ್ ಆದವರೆಲ್ಲ ಪಾಸಿಟಿವ್ವೇ, ಅಲ್ವಾ? ಜಗಳ ಆಡಿ ಅಂಕಿ ಕೊಡುವ ಮಷೀನ್ ತರಿಸಿದೆ. ಈಗ ಒಂದು ಟೆಸ್ಟಿಗೆ ಮುನ್ನೂರು ಚಿಲ್ಲರೆ.

ಮೊದಲೆರಡು ದಿನದ ಅಂಕಿಯನ್ನು ನಾನು ನೋಡುವುದೇ ಇಲ್ಲ. ಕತ್ತರಿ ಹಾಕಿದ್ದಕ್ಕೇ ಅದು ಇನ್ನೂರು ದಾಟಿಬಿಡಬಹುದು. ಮೂರನೆಯ ದಿನ ಮತ್ತು ನಾಲ್ಕನೆಯ ದಿನ ಹೋಲಿಸುತ್ತೇನೆ. ಉರಿಯೂತಕ್ಕೆ ಕಾರಣ ಹೋಗಿದ್ದರೆ ಅದು ಸರಸರ ಇಳಿಯಬೇಕು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಸಮಯ, ಅಂದರೆ ಅರ್ಧಾಯುಷ್ಯ, 19 ಗಂಟೆ ಅಷ್ಟೇ. ಇಳಿಯುತ್ತಿದೆ, ನಾಡಿ ನೂರರ ಕೆಳಗೆ, ಗ್ಯಾಸ್ ಹೋಗಿದೆ ಅಂದರೆ ನಿಲ್ಲಿಸು. ಆರನೇ ದಿನ ಇನ್ನೊಮ್ಮೆ ನೋಡು. ಇಳಿಯಲಿಲ್ಲ ಅಂದರೆ ಇನ್ನೂ ಪ್ರಬಲ ಆ್ಯಂಟಿಬಯೊಟಿಕ್ ಆದ ಮೆರೊಪೆನೆಮ್‌ಗೆ ಏರಬೇಡಿ, ಸ್ಕ್ಯಾನ್ ಮಾಡಿ. ಪೆಲ್ವಿಸ್‌ನಲ್ಲಿ (ಕಿಬ್ಬೊಟ್ಟೆಯ ತಳದಲ್ಲಿ) ನಿಂತ ಕೀವನ್ನು ಯಾವ ಇಂಜೆಕ್ಷನ್ನೂ ಹೊರಗೆ ತೆಗೆಯುವುದಿಲ್ಲ, ಅದು ಹರಿದುಹೋಗಲು ಡ್ರೈನ್ ನಳಿಕೆಯೇ ಹಾಕಬೇಕು. ಹೀಗೆ ಸಿಕ್ಕವರು ಕೆಲವರಿದ್ದಾರೆ. ಹತ್ತು ದಿನ ಔಷಧಿ ಓಡಿಸಿದ್ದರೆ ಎರಡನೇ ವಾರದಲ್ಲಿ ತಿಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ನಾರ್‌ಅಡ್ರಿನಲಿನ್ (ಬಿಪಿ ಬೀಳದಂತೆ ಹಿಡಿಯುವ ಔಷಧಿ) ಮೇಲಿರುವವರಿಗೆ, ಸ್ಟಿರಾಯ್ಡ್ ತಿನ್ನುವವರಿಗೆ, ತೂತು ಸರಿಯಾಗಿ ಮುಚ್ಚಿದೆ ಅಂತ ನನಗೇ ಖಾತ್ರಿ ಇಲ್ಲದಾಗ ಇದು ನಡೆಯಲ್ಲ. ಐಸಿಯು ಕೇಸುಗಳಿಗೆ 2018ರಲ್ಲಿ ಫ್ರಾನ್ಸಿನವರು 15 ದಿನದ ಬದಲು 8 ಸಾಕು ಅಂತ ತೋರಿಸಿದರು. ಅಲ್ಲಿ ನಾನು ಎಂಟಕ್ಕೇ ನಿಲ್ಲುತ್ತೇನೆ.

ದುಡ್ಡಿನ ಮಾತು. ಮೆರೊಪೆನೆಮ್ ದಿನಕ್ಕೆ ಮೂರು ವಯಲ್, ಎಂಆರ್‌ಪಿ ಲೆಕ್ಕದಲ್ಲಿ ಎರಡು ಸಾವಿರ ದಾಟುತ್ತದೆ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಕೇಸಿನಲ್ಲಿ ಪ್ಯಾಕೇಜ್ ಒಂದೇ ಮೊತ್ತ, ಹಾಗಾಗಿ ಉಳಿದದ್ದು ಆಸ್ಪತ್ರೆಗೆ. ಸಿಆರ್‌ಪಿ ಮಷೀನ್ ಯಾಕೆ ಅಂದಿದ್ದ ಆಡಳಿತದವರು ಆಮೇಲೆ ಸುಮ್ಮನಾದರು.

ಈ ನಡುವೆ ಇನ್ನೊಂದು ಹುಚ್ಚು. ಮೂಗಿನಿಂದ ಸಣ್ಣ ಕರುಳಿಗೆ ಇಳಿಸುವ ನೇಸೊ-ಜೆಜುನಲ್ ಟ್ಯೂಬಿನಲ್ಲಿ ರಾಗಿ ಗಂಜಿ. ಡಬ್ಬದ ಫೀಡ್ ದುಬಾರಿ ಅಂತ ಶುರು ಮಾಡಿದೆ. ಗಂಜಿ ಗಟ್ಟಿಯಾಗಿ ಟ್ಯೂಬ್ ಕಟ್ಟಿಕೊಂಡಿತು, ಸೋಸಿದರೂ ಕಟ್ಟಿಕೊಂಡಿತು. ನೀರು ಜಾಸ್ತಿ ಮಾಡಿದರೆ ಕ್ಯಾಲೊರಿ ಇಲ್ಲ. ಆಮೇಲೆ ಮೊಳಕೆ ರಾಗಿ ಹಿಟ್ಟು ಬೆರೆಸಿದೆವು. ಮೊಳಕೆಯ ಅಮೈಲೇಸ್ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ, ಹಿಟ್ಟಿನ ಪ್ರಮಾಣ ಮಾತ್ರ ಕಮ್ಮಿಯಾಗಲ್ಲ. ಆಗಾಗ ಹೊಸದಾಗಿ ಮಾಡಬೇಕು, ಉಳಿದದ್ದು ಚೆಲ್ಲಬೇಕು. ಯಾವ ಬಿಸಿಯಲ್ಲಿ, ಎಷ್ಟು ಬೆರೆಸಬೇಕು ಅನ್ನುವುದನ್ನು ಈಗಲೇ ಹೇಳಲ್ಲ. ಅದು ನಮ್ಮ ಸಿಸ್ಟರ್ ಕಂಡುಕೊಂಡದ್ದು, ಅವರೇ ಬರೆಯಲಿ.