ತೋಟದ ಮನೆಗೆ ಇಂಟರ್ನೆಟ್: ಮೊದಲು ಸಿಗ್ನಲ್ ಅಳೆಯಿರಿ, ಆಮೇಲೆ ಪ್ಲಾನ್ ಆರಿಸಿ

ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ ಕಡೆಯ ಒಂಟಿಮನೆಗೆ ಇಂಟರ್ನೆಟ್ ಹಾಕಿಸಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿ ಒಳ್ಳೆಯದು ಅಂತ. ಇಡೀ ತಾಲ್ಲೂಕಿಗೆ ಹೊಂದುವ ಉತ್ತರ ಇದಕ್ಕಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಚೆನ್ನಾಗಿ ಓಡುವ ಸಿಮ್ ಈಚೆ ಬದಿಯಲ್ಲಿ ಒಂದು ಮೆಸೇಜನ್ನೂ ಕಳಿಸದೆ ಕೂರುತ್ತದೆ. ನಿಮ್ಮ ಮನೆಯ ಮಾಡಿನ ಎತ್ತರಕ್ಕೆ ಯಾವ ಟವರಿನ ಸಿಗ್ನಲ್ ಎಷ್ಟು ಸ್ವಚ್ಛವಾಗಿ ಬರುತ್ತದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅಳತೆಗೆ ಮೊದಲು ಒಂದು ವಿಚಾರಣೆ ಮುಗಿಸಿ. ಗ್ರಾಮ ಪಂಚಾಯಿತಿ ಕಚೇರಿಯಲ್ಲಿ, ಹಳ್ಳಿಗಳಿಗೆ ಇಂಟರ್ನೆಟ್ ತರುವ ಸರ್ಕಾರದ ಯೋಜನೆಯಾದ ಭಾರತ್‌ನೆಟ್ ಫೈಬರ್ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿ. ಊರಿನ ಕೇಬಲ್ ಟಿವಿಯವರನ್ನೂ ಕೇಳಿ. ಬಿಎಸ್‌ಎನ್‌ಎಲ್ ಫೈಬರ್ ಸಂಪರ್ಕವನ್ನು ಹಲವೆಡೆ ಅವರೇ ಕೊಡುತ್ತಾರೆ. ಲೈನು ಹತ್ತಿರದಲ್ಲೇ ನಿಂತಿದ್ದರೆ, ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಕೇಳಿದಾಗ ಎಳೆದುಕೊಡಲು ಒಪ್ಪುವುದುಂಟು. ಅದು ಆಗದೆ ಹೋದರೆ ಮಾತ್ರ ಮುಂದಿನದು.

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿಗೆ ನೆಟ್‌ಮಾನ್‌ಸ್ಟರ್ ಅಥವಾ ನೆಟ್‌ವರ್ಕ್ ಸೆಲ್ ಇನ್ಫೋ ಆ್ಯಪ್ ಹಾಕಿಕೊಳ್ಳಿ. ಐಫೋನ್ ಆದರೆ *3001#12345# ಒತ್ತಿ ಕರೆ ಮಾಡಿದರೆ ಪರೀಕ್ಷಾ ಪರದೆ ತೆರೆಯುತ್ತದೆ. ನೋಡಬೇಕಾದ್ದು ಎರಡು ಅಂಕಿ. ಆರ್‌ಎಸ್‌ಆರ್‌ಪಿ ಎಂದರೆ ಸಿಗ್ನಲ್ಲಿನ ಬಲ: ಮೈನಸ್ 90 ಡಿಬಿಎಂ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 100 ಆದರೆ ನಡೆಯುತ್ತದೆ, ಮೈನಸ್ 110ಕ್ಕಿಂತ ಕೆಳಗಿಳಿದರೆ ಆಂಟೆನಾ ಇಲ್ಲದೆ ಆಗದು. ಎಸ್‌ಐಎನ್‌ಆರ್ ಎಂದರೆ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಸ್ವಚ್ಛ ಎಂಬುದು: 13ಕ್ಕಿಂತ ಮೇಲಿದ್ದರೆ ಒಳ್ಳೆಯದು, ಸೊನ್ನೆಗೆ ಇಳಿದರೆ ವಿಡಿಯೊ ಕಾಲ್ ಕಡಿದು ಕಡಿದು ಬರುತ್ತದೆ. ಬಲ ಚೆನ್ನಾಗಿದ್ದೂ ವೇಗವಿಲ್ಲ ಎಂಬ ದೂರಿಗೆ ಮಲೆನಾಡಿನಲ್ಲಿ ಸಾಮಾನ್ಯ ಕಾರಣ ಈ ಎರಡನೆಯ ಅಂಕಿ. ಎರಡು ಗುಡ್ಡದ ಎರಡು ಟವರು ಒಂದೇ ಅಂಗಳಕ್ಕೆ ಬೀಳುತ್ತಿರುತ್ತವೆ, ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಅಲ್ಲಿ ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ ಬಹಳ ಉಪಕಾರಿ.

ಹಂಚಿನ ಮಾಡು ಹತ್ತಬೇಡಿ, ಅದರಲ್ಲೂ ಪಾಚಿ ಕಟ್ಟಿದ್ದರೆ. ಫೋನಿನಲ್ಲಿ ಆ್ಯಪ್ ತೆರೆದು ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೋಟಿಯ ತುದಿಗೆ ಭದ್ರವಾಗಿ ಕಟ್ಟಿ. 2, 4, 6 ಮೀಟರ್ ಎತ್ತರದಲ್ಲಿ ಒಂದೊಂದು ನಿಮಿಷ ನಿಲ್ಲಿಸಿ, ಇಳಿಸಿಕೊಂಡು ರೆಕಾರ್ಡಿಂಗ್ ನೋಡಿ. ದೋಟಿ ಒಣ ಬಿದಿರಿನದೇ ಆಗಲಿ, ಅಲ್ಯೂಮಿನಿಯಂ ಬೇಡ. ಯಾವ ದೋಟಿಯನ್ನೂ ಕರೆಂಟ್ ಲೈನಿನ ಹತ್ತಿರ ಎತ್ತಲೇಬೇಡಿ. ಮನೆಯ ನಾಲ್ಕೂ ಮೂಲೆ, ಕಣ, ನೀರಿನ ಟ್ಯಾಂಕಿನ ಪಕ್ಕ, ಎಲ್ಲ ಕಡೆ ನೋಡಿ. ಟವರಿನ ದಿಕ್ಕು ತಿಳಿಯಲು ಫೋನನ್ನು ಎದೆಗೆ ಹತ್ತಿರ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಅಂಕಿ ತೀರಾ ಕೆಟ್ಟಾಗ ಟವರು ನಿಮ್ಮ ಬೆನ್ನ ಹಿಂದಿದೆ, ನಿಮ್ಮ ಮೈಯೇ ಅದಕ್ಕೆ ಅಡ್ಡವಾಗಿದೆ ಎಂದರ್ಥ. ಹತ್ತಿರದ ಟವರುಗಳನ್ನು ಸರ್ಕಾರದ ತರಂಗ್ ಸಂಚಾರ್ ತಾಣದ ನಕ್ಷೆಯಲ್ಲೂ ನೋಡಬಹುದು.

ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರರ ಸಿಮ್ಮನ್ನೂ ಹೀಗೆ ಅಳೆಯಿರಿ. ನಿಮ್ಮಲ್ಲಿ ಇಲ್ಲದ್ದನ್ನು ನೆಂಟರಿಂದ ಒಂದು ದಿನದ ಮಟ್ಟಿಗೆ ತನ್ನಿ. ವೇಗದ ಪರೀಕ್ಷೆ ಬೆಳಿಗ್ಗೆ ಒಮ್ಮೆ, ರಾತ್ರಿ 8ರಿಂದ 9ರ ಒಳಗೆ ಒಮ್ಮೆ. ಊರೆಲ್ಲ ಫೋನು ಹಿಡಿದು ಕೂತಿರುವ ರಾತ್ರಿಯ ಅಂಕಿಯೇ ನಿಮ್ಮ ನಿಜವಾದ ವೇಗ. ಒಂದು ವಿಡಿಯೊ ಕಾಲ್‌ಗೆ ಹೋಗುವ ಬರುವ ಎರಡೂ ಕಡೆ 3–4 ಎಂಬಿಪಿಎಸ್ ಬೇಕು. ಡೌನ್‌ಲೋಡ್ ನೋಡಿ ಹಿಗ್ಗಿ ಅಪ್‌ಲೋಡ್ ನೋಡಲು ಮರೆತವರ ಆನ್‌ಲೈನ್ ಕೆಲಸ ಅಲ್ಲೇ ನಿಲ್ಲುತ್ತದೆ.

ಈಗ ಆಯ್ಕೆ. ಅಂಗಳದಲ್ಲಿ 5ಜಿ ಸ್ಥಿರವಾಗಿ ಸಿಗುತ್ತಿದ್ದರೆ ಜಿಯೋ ಅಥವಾ ಏರ್‌ಟೆಲ್‌ನ ಏರ್‌ಫೈಬರ್ ಕೇಳಿ: ಹೊರಗೆ ಒಂದು ಪೆಟ್ಟಿಗೆ, ಒಳಗೆ ವೈಫೈ, ಅವರೇ ಬಂದು ಕೂರಿಸುತ್ತಾರೆ. ಇದರಷ್ಟು ಸುಲಭದ್ದು ಬೇರೆ ಇಲ್ಲ. ಬಿಎಸ್‌ಎನ್‌ಎಲ್‌ನ ಏರ್‌ಫೈಬರ್ ಬೇರೆ ಬಗೆಯದು, ಸ್ಥಳೀಯ ಪಾಲುದಾರರ ಕಂಬದಿಂದ ನಿಮ್ಮ ಕಂಬಕ್ಕೆ ನೇರ ರೇಡಿಯೊ. ಕಣ್ಣಿಗೆ ಕಾಣುವಷ್ಟು ನೇರ ದಾರಿ ಬೇಕು. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿಗೆ ಇದು ಹೇಳಿಮಾಡಿಸಿದ್ದು. ಗುಡ್ಡ, ಸಿಲ್ವರ್ ಓಕ್ ನಡುವಿನ ಮನೆಗೆ ಕಷ್ಟ, ಅದರಲ್ಲೂ ಎಲೆ ನೆನೆದಿರುವ ಮಳೆಗಾಲದಲ್ಲಿ.

5ಜಿ ಇಲ್ಲ, 4ಜಿ ಮಾತ್ರ ಎನ್ನುವವರು ಹೊರಗೆ ಕೂರಿಸುವ 4ಜಿ ರೂಟರ್ ಕೊಳ್ಳಿ. ಅದು 1, 3, 5, 8, 40ನೇ ಬ್ಯಾಂಡುಗಳನ್ನು (ಕಂಪನಿಗಳು ಬಳಸುವ ತರಂಗದ ಪಟ್ಟಿಗಳನ್ನು) ಹಿಡಿಯಬೇಕು. ಬಿಎಸ್‌ಎನ್‌ಎಲ್ ಹಾಕುವುದಾದರೆ 28 ಕೂಡ. ಹೊರದೇಶಕ್ಕೆಂದು ಮಾಡಿದ ಅಗ್ಗದ ಮಾಲಿನಲ್ಲಿ ಇವುಗಳಲ್ಲಿ ಕೆಲವು ಇರುವುದಿಲ್ಲ. ಬ್ಯಾಂಡ್ ಲಾಕ್, ಅಂದರೆ ರೂಟರನ್ನು ಒಂದೇ ಬ್ಯಾಂಡಿಗೆ ಕಟ್ಟಿಹಾಕುವ ಸೌಲಭ್ಯ ಇದೆಯೇ ಎಂದೂ ಕೇಳಿ. 700, 850, 900 ಮೆಗಾಹರ್ಟ್ಜ್ ಅಲೆಗಳು ಮರದ ನಡುವೆ ತೂರಿ ದೂರ ಬರುತ್ತವೆ, ಆದರೆ ವೇಗ ಕಡಿಮೆ. 2300ರ 40ನೇ ಬ್ಯಾಂಡ್ ವೇಗ ಕೊಡುತ್ತದೆ, ಒಂದು ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಎರಡನ್ನೂ ಲಾಕ್ ಮಾಡಿ ನೋಡಿ ರಾತ್ರಿ ಯಾವುದು ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಿ.

ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ: ರೂಟರ್ ಒಳಗಿಟ್ಟು, ಆಂಟೆನಾ ಮಾತ್ರ ಮೇಲೆ ಹಾಕಿ, ನಡುವೆ ಉದ್ದದ ತೆಳು ಕೇಬಲ್ ಎಳೆಯುತ್ತಾರೆ. ಆರ್‌ಜಿ58 ಕೇಬಲ್ 1800 ಮೆಗಾಹರ್ಟ್ಜ್‌ನಲ್ಲಿ 10 ಮೀಟರಿಗೆ ಸುಮಾರು 8 ಡಿಬಿ (ಸಿಗ್ನಲ್ ಏರಿಳಿತದ ಅಳತೆ) ನುಂಗುತ್ತದೆ; 10 ಡಿಬಿಐ ಆಂಟೆನಾ ಗಳಿಸಿದ್ದರಲ್ಲಿ ಬಹುಪಾಲು ಕೇಬಲ್ಲಿನಲ್ಲೇ ಸೋರಿಹೋಯಿತು. ಬದಲು ರೇಡಿಯೊ, ಸಿಮ್, ಆಂಟೆನಾ ಮೂರೂ ಒಂದೇ ಪೆಟ್ಟಿಗೆಯಲ್ಲಿ ಕಂಬದ ಮೇಲಿರಲಿ, ಕೆಳಗೆ ಕ್ಯಾಟ್6 (ಕಂಪ್ಯೂಟರ್ ನೆಟ್‌ವರ್ಕಿನ) ಕೇಬಲ್ ಬರಲಿ. ಅದು 100 ಮೀಟರ್‌ವರೆಗೆ ನಷ್ಟವಿಲ್ಲದೆ ಡೇಟಾ ಒಯ್ಯುತ್ತದೆ, ಕರೆಂಟನ್ನೂ ಅದರಲ್ಲೇ ಮೇಲಕ್ಕೆ ಕಳಿಸಬಹುದು. ಕೇಬಲ್ ಪೂರ್ತಿ ತಾಮ್ರದ್ದಾಗಿರಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆದರೆ ಮೇಲೆ ಹೋಗುವಷ್ಟರಲ್ಲಿ ವೋಲ್ಟೇಜ್ ಬಿದ್ದು ರೂಟರ್ ಪದೇಪದೇ ರೀಸ್ಟಾರ್ಟ್ ಆಗುತ್ತದೆ. ಮಂಗ, ಅಳಿಲಿನ ಕಾಟಕ್ಕೆ ಪಿವಿಸಿ ಪೈಪಿನೊಳಗೆ ಎಳೆಯಿರಿ. ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಅಂಗಡಿಯವರು ಸಿಗ್ನಲ್ ಬೂಸ್ಟರ್ ತೋರಿಸಿದರೆ ಬೇಡವೆನ್ನಿ. ಖಾಸಗಿಯವರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

ಮನೆ ಕಣಿವೆಯಲ್ಲಿದ್ದು ಸಿಗ್ನಲ್ ತೋಟದ ನೆತ್ತಿಯಲ್ಲಿ ಮಾತ್ರ ಸಿಗುತ್ತದೆಯೇ? ರೂಟರನ್ನು ಅಲ್ಲೇ ಕೂರಿಸಿ, ಅಲ್ಲಿಂದ ಮನೆಗೆ 5 ಗಿಗಾಹರ್ಟ್ಜ್ ರೇಡಿಯೊ ಜೋಡಿ ಹಾಕಬಹುದು; ಈ ತರಂಗಕ್ಕೆ ಪರವಾನಗಿ ಬೇಡ. 300 ಮೀಟರ್ ದೂರಕ್ಕೆ ನಡುದಾರಿಯಲ್ಲಿ, ನೇರ ಗೆರೆಯ ಸುತ್ತ ಸುಮಾರು 2 ಮೀಟರ್ ಖಾಲಿ ಜಾಗವಿರಲಿ. ಮರ ಅಡ್ಡವಿದ್ದರೆ ಸ್ವಂತ ಜಾಗದಲ್ಲಿ ಫೈಬರ್ ಡ್ರಾಪ್ ಕೇಬಲ್ ಎಳೆದು, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಸಾಮಾನ್ಯ ನೆಟ್‌ವರ್ಕ್ ಕೇಬಲ್ಲಿಗೆ ಬದಲಿಸುವ ಪೆಟ್ಟಿಗೆ) ಹಾಕಿ. ಲೋಹದ ತಂತಿಯಿಲ್ಲದ ಕೇಬಲ್ ಆರಿಸಿದರೆ ಸಿಡಿಲು ಅದರ ಮೂಲಕ ಮನೆಗೆ ಹರಿಯುವುದಿಲ್ಲ. ನಮ್ಮ ಮಟ್ಟಿಗೆ ಇದೇ ಹೆಚ್ಚು ಬಾಳುವ ದಾರಿ.

ಯಾವ ಟವರೂ ಸಿಗದ ಮನೆಗೆ ಉಪಗ್ರಹವೇ ಗತಿ. ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಮನೆಯ ಡಿಶ್ ಜೋಡಿಸುವ ವಿಸ್ಯಾಟ್‌ನಲ್ಲಿ ಮಾತು ಹೋಗಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಮೇಲ್, ಬ್ಯಾಂಕಿಂಗ್‌ಗೆ ಸಾಕು, ವಿಡಿಯೊ ಕಾಲ್‌ಗೆ ಹಿಂಸೆ. ಕೆಳ ಕಕ್ಷೆಯ ಉಪಗ್ರಹಗಳಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ. ನಿಮ್ಮ ವಿಳಾಸಕ್ಕೆ ಸೇವೆ ಇದೆಯೇ ಎಂದು ಕಂಪನಿಯ ತಾಣದಲ್ಲೇ ನೋಡಿ, ಹೊರದೇಶದಿಂದ ತಂದ ಡಿಶ್ ಕೊಳ್ಳಬೇಡಿ.

ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಕರೆಂಟು ದಿನಗಟ್ಟಲೆ ಹೋಗುವುದು ಇಲ್ಲಿ ಹೊಸದಲ್ಲ. 10,000 ಎಂಎಎಚ್ ಎಂದು ಬರೆದಿರುವ ಮಿನಿ ಯುಪಿಎಸ್‌ನ ಲೆಕ್ಕ 3.7 ವೋಲ್ಟಿನದು, ಅಂದರೆ 37 ವ್ಯಾಟ್-ಅವರ್. 10 ವ್ಯಾಟ್‌ನ ರೂಟರ್‌ಗೆ ಅದು ಮೂರು ಗಂಟೆ ಬಂದರೆ ಹೆಚ್ಚು. ಮನೆಯ ಇನ್ವರ್ಟರಿನ ಲೈನಿಗೇ ರೂಟರ್ ಕೊಡುವುದು ಮೇಲು. ಟವರಿನ ಬ್ಯಾಟರಿಯೇ ಖಾಲಿಯಾದರೆ ನಿಮ್ಮದು ಎಷ್ಟಿದ್ದೂ ಉಪಯೋಗವಿಲ್ಲ, ಅದಕ್ಕೇ ಬೇರೆ ಕಂಪನಿಯ ಒಂದು ಸಿಮ್ ಜೊತೆಗಿರಲಿ. ಆದರೆ ಎರಡು ಕಂಪನಿ ಒಂದೇ ಟವರಿನ ಮೇಲಿರುವುದುಂಟು. ಎರಡೂ ಒಟ್ಟಿಗೆ ಹೋಗುತ್ತವೆ. ದಿಕ್ಕು ಬೇರೆ ಇರುವುದನ್ನು ಆರಿಸಿ.

ಭರಣಿ, ಕೃತ್ತಿಕಾ ಮಳೆಯ ಗುಡುಗಿಗೆ ರೂಟರ್ ಸುಡುವುದು ಹೆಚ್ಚಾಗಿ ಕೇಬಲ್ ದಾರಿಯಿಂದ. ಕಂಬಕ್ಕೆ ಅರ್ತಿಂಗ್ ಮಾಡಿಸಿ, ಅದನ್ನು ಮನೆಯ ಅರ್ತಿಂಗಿಗೆ ಜೋಡಿಸಿ, ಕೇಬಲ್ ಒಳಬರುವಲ್ಲಿ ಹೆಚ್ಚುವರಿ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಜೊತೆಗೆ ಕ್ಯಾಟ್6 ಕೇಬಲ್ಲನ್ನೂ ಕಿತ್ತಿಡಿ. ತಲೆಯ ಮೇಲೆ ಬಂದಾಗ ಯಾವುದನ್ನೂ ಮುಟ್ಟಬೇಡಿ.

ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ತಿಂಗಳಿಗೆ ಎಷ್ಟು ಜಿಬಿ, ಮುಗಿದ ಮೇಲೆ ವೇಗ ಎಷ್ಟು? ಎಚ್‌ಡಿ ವಿಡಿಯೊ ಗಂಟೆಗೆ 2–3 ಜಿಬಿ ತಿನ್ನುತ್ತದೆ, ದಿನಕ್ಕೆ 2 ಜಿಬಿಯ ಫೋನ್ ಪ್ಲಾನ್ ಮನೆಗೆ ಸಾಲದು. ಉಪಕರಣ ಬಾಡಿಗೆಯದೇ, ನಿಮ್ಮದೇ? ಸೇವೆ ಸರಿಬಾರದಿದ್ದರೆ ಠೇವಣಿ ವಾಪಸ್ ಬರುತ್ತದೆಯೇ? ವರ್ಷದ ಪ್ಲಾನಿಗೆ ರಿಯಾಯಿತಿ ಎಂದರೂ ಮೊದಲು ಒಂದೇ ತಿಂಗಳಿಗೆ ಕಟ್ಟಿ, ಸಾಧ್ಯವಾದರೆ ಜೂನ್ ಅಥವಾ ಜುಲೈನಲ್ಲಿ. ಕಣದ ಸಿಸಿಟಿವಿಯನ್ನು ಹಾಸನದಲ್ಲೋ ಬೆಂಗಳೂರಲ್ಲೋ ಕೂತು ನೋಡುವವರು ಕ್ಲೌಡ್ ಅಥವಾ ಪಿ2ಪಿ (ಕಂಪನಿಯ ಆ್ಯಪ್ ಮೂಲಕವೇ ಕ್ಯಾಮೆರಾಗೆ ಸಂಪರ್ಕ ಸಿಗುವ) ಸೌಲಭ್ಯವಿರುವ ಕ್ಯಾಮೆರಾ ಕೊಳ್ಳಿ. ಮೊಬೈಲ್ ನೆಟ್‌ವರ್ಕಿನಲ್ಲಿ ಸಾಮಾನ್ಯವಾಗಿ ಮನೆಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನವರಿಗೆ ಕಾಣುವ ಇಂಟರ್ನೆಟ್ ವಿಳಾಸ) ಸಿಗುವುದಿಲ್ಲ, ಹೊರಗಿನಿಂದ ನೇರವಾಗಿ ಕ್ಯಾಮೆರಾ ತಲುಪಿಸುವ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ.