ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ 7: ಎಲ್ಲಿ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ

ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ವಿಂಡೋಸ್ 7ರ ಕೈಬಿಟ್ಟಿತು. ಆದರೆ ಮೈಸೂರಿನಲ್ಲಿ ನಾನು ರಿಪೇರಿಗೆ ಹೋಗುವ ಪ್ರೆಸ್‌ಗಳಲ್ಲಿ ಅದು ಇನ್ನೂ ದಿನಾ ಬೆಳಿಗ್ಗೆ ಆನ್ ಆಗುತ್ತೆ. ಕಾರಣ ಪುಟ ವಿನ್ಯಾಸ ಮಾಡುವ ಸಾಫ್ಟ್‌ವೇರ್ ಪೇಜ್‌ಮೇಕರ್ 7. ಅದು 2001ರದ್ದು, ಅದಾದ ಮೇಲೆ ಹೊಸ ಆವೃತ್ತಿಯೇ ಬರಲಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಹೀಗೆ ವರ್ಷಾನುಗಟ್ಟಲೆ ಕೂಡಿಟ್ಟ ಫೈಲುಗಳೆಲ್ಲ ಅದರಲ್ಲೇ ಇವೆ. ಅಕ್ಷರಗಳು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ, ಹಳೆಯ ಫಾಂಟುಗಳ ಸ್ವಂತ ಸಂಕೇತಗಳು. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಆವರಣ, ಡಾಲರ್ ಚಿಹ್ನೆ ಎಲ್ಲ ಸಾಲಾಗಿ ನಿಂತಿರುತ್ತವೆ.

ಅಗ್ರಹಾರದ ಕಡೆಯ ಒಂದು ಪ್ರೆಸ್‌ನ ಯಜಮಾನರು ನನ್ನ ಹತ್ತಿರ ಬಂದಿದ್ದು ಆಷಾಢದಲ್ಲಿ. ಮದುವೆಗಳಿಲ್ಲ, ಕೈ ಸ್ವಲ್ಪ ಬಿಡುವು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಹೋಗಿತ್ತು. "ಶ್ರಾವಣ ಹುಟ್ಟೋದ್ರೊಳಗೆ ಇದ್ರಲ್ಲಿ ಸೆವೆನ್ ಕೂರಿಸಿಕೊಡಪ್ಪ" ಅಂತ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಟೇಬಲ್ ಮೇಲಿಟ್ಟರು. ಇಂಟೆಲ್ ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎನ್‌ವಿಎಂಇ ಅನ್ನೋ ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕ್, ಅದರಲ್ಲಿ ವಿಂಡೋಸ್ 10. ಹಳೆಯ ಡೆಸ್ಕ್‌ಟಾಪೇ ಒಂದು ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ ಕಮ್ಮಿ ದುಡ್ಡಲ್ಲಿ ಮುಗೀತಿತ್ತಲ್ಲ ಸಾರ್ ಅಂದೆ. "ಕರೆಂಟ್ ಹೋದ್ರೆ ಬ್ಯಾಟರಿ ಇರುತ್ತಲ್ಲ, ಅದಕ್ಕೇ" ಅಂದರು. ಆ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ.

ಇಂಥ ಕೆಲಸದಲ್ಲಿ ನಾನು ಮೊದಲು ಕೇಳೋದು ಡಾಂಗಲ್ ಬಗ್ಗೆ. ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗೆ ಯುಎಸ್‌ಬಿ ಡಾಂಗಲ್ ಇತ್ತು, ಅದನ್ನು ಚುಚ್ಚಿದರೇನೇ ಆ ಸಾಫ್ಟ್‌ವೇರ್ ಓಡೋದು. ಅದನ್ನು ವಿಂಡೋಸಿಗೆ ಪರಿಚಯಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, 32 ಬಿಟ್‌ನದ್ದು ಮಾತ್ರ. ತುಂಬಾ ಜನ ಇಲ್ಲೇ ದಾರಿ ತಪ್ಪೋದು. ವಿಂಡೋಸ್‌ನಲ್ಲಿ ಎರಡು ಬಗೆ, ಹಳೆಯ 32 ಬಿಟ್, ಹೊಸ 64 ಬಿಟ್. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಓಡುತ್ತೆ, 32 ಬಿಟ್ ಡ್ರೈವರ್ ಓಡೋದಿಲ್ಲ. ಹಾಗಾಗಿ 64 ಬಿಟ್ ಹಾಕಿದರೆ ಪೇಜ್‌ಮೇಕರ್ ತೆರೆದುಕೊಳ್ಳುತ್ತೆ, ಕನ್ನಡ ಮಾತ್ರ ಬರೋದಿಲ್ಲ. ಹಾಗಾದ್ರೆ 32 ಬಿಟ್ ವಿಂಡೋಸ್ 10 ಹಾಕಬಹುದಲ್ಲ ಅಂತ ಕೇಳಬಹುದು. ಅದನ್ನೂ ನೋಡಿದೆ, ಡಾಂಗಲ್ ಡ್ರೈವರ್ ಕೂತ ತಕ್ಷಣ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ. ಕೊನೆಗೆ ಉಳಿದಿದ್ದು 32 ಬಿಟ್‌ನ ವಿಂಡೋಸ್ 7 ಪ್ರೊಫೆಷನಲ್. ಅದರ ರೀಟೇಲ್ ಡಬ್ಬಿ, ಕೀ ಎರಡೂ ಅವರ ಬೀರುವಿನಲ್ಲಿ ಜೋಪಾನವಾಗಿದ್ದವು.

32 ಬಿಟ್ ಅಂತ ಗೊತ್ತಾದ ಕೂಡಲೇ ಮಿಕ್ಕ ಅರ್ಧ ತೀರ್ಮಾನಗಳು ತಾವಾಗೇ ಆಗುತ್ತವೆ. ಆನ್ ಮಾಡಿದಾಗ ಮಷೀನನ್ನು ಎಬ್ಬಿಸಿ ವಿಂಡೋಸಿಗೆ ಒಪ್ಪಿಸುವ ಒಳಗಿನ ಪ್ರೋಗ್ರಾಂ ಹಿಂದೆ ಬಯಾಸ್, ಈಗ ಯುಇಎಫ್‌ಐ. 32 ಬಿಟ್ ವಿಂಡೋಸ್ 7 ಯುಇಎಫ್‌ಐನಲ್ಲಿ ಬೂಟ್ ಆಗೋದಿಲ್ಲ, ಹಳೆಯ ಬಯಾಸ್ ಶೈಲಿಯೇ ಬೇಕು. ಅಂದರೆ ಲ್ಯಾಪ್‌ಟಾಪಿನ ಸೆಟಪ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಅನ್ನೋ ಆಯ್ಕೆ ಇರಲೇಬೇಕು. 2020ರ ಹೊತ್ತಿಗೆ ಹಳೆಯ ಬಯಾಸ್ ಬೆಂಬಲ ತೆಗೆದುಬಿಡುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ಅದಕ್ಕೇ ಈಚಿನ ಲ್ಯಾಪ್‌ಟಾಪುಗಳಲ್ಲಿ ಹುಡುಕಿದರೂ ಆ ಆಯ್ಕೆ ಸಿಗೋದು ಕಷ್ಟ. ಅದು ಇಲ್ಲದ ಕಡೆ 32 ಬಿಟ್ ವಿಂಡೋಸ್ 7ಕ್ಕೆ ಹೆಣಗಾಡೋದು ಸಮಯ ದಂಡ. 64 ಬಿಟ್‌ನದ್ದಾದರೆ ಯುಇಎಫ್‌ಐ ಗೊತ್ತು, ಆದರೆ ಅದಕ್ಕೂ ಪರದೆಗೆ ಚಿತ್ರ ತರಲು ಹಳೆಯ ವಿಡಿಯೊ ಬಯಾಸ್ ಬೇಕು. ಅದಿಲ್ಲದಿದ್ದರೆ 'ಸ್ಟಾರ್ಟಿಂಗ್ ವಿಂಡೋಸ್' ಅನ್ನೋ ಪರದೆಯಲ್ಲೇ ಗಟ್ಟಿಯಾಗಿ ನಿಂತುಬಿಡುತ್ತೆ. ಯುಇಎಫ್‌ಐಸೆವೆನ್ ಅನ್ನೋ ಪುಟ್ಟ ಪ್ರೋಗ್ರಾಂ ಆ ವಿಡಿಯೊ ಬಯಾಸ್‌ನ ವೇಷ ಹಾಕಿ ಅದನ್ನು ದಾಟಿಸುತ್ತೆ. ಗಿರಾಕಿಯ ಮಷೀನಿಗೆ ನಾನು ಅದನ್ನು ಹಾಕೋದಿಲ್ಲ.

ಯಜಮಾನರ ಲ್ಯಾಪ್‌ಟಾಪ್ ಕಂಪನಿ ಬಳಕೆಯ ಮಾದರಿ, ಪುಣ್ಯಕ್ಕೆ ಲೆಗಸಿ ಇತ್ತು. ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ತೆಗೆದು ಲೆಗಸಿ ಆನ್ ಮಾಡಿದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಅಥವಾ 11 ಉಳಿಸಿಕೊಳ್ಳುವುದಿದ್ದರೆ ಇದಕ್ಕೆ ಕೈಹಾಕುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಬದಲಾದ ಕೂಡಲೇ ಅದು 48 ಅಂಕಿ ಕೇಳುತ್ತೆ, ಆಗ ಹುಡುಕುತ್ತಾ ಕೂರೋ ಹಾಗಾಗಬಾರದು.

ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಬಿಚ್ಚಿ, ಕವರಿಗೆ ಹಾಕಿ, ಮೇಲೆ ಹೆಸರು ಬರೆದು ಯಜಮಾನರ ಕೈಗೇ ಕೊಟ್ಟೆ. ವಿಂಡೋಸ್ 7ಕ್ಕೆ ಹುಟ್ಟಿನಿಂದ ಎನ್‌ವಿಎಂಇ ಗೊತ್ತಿಲ್ಲ. ಮೈಕ್ರೋಸಾಫ್ಟ್ ಆಮೇಲೆ ಕೆಬಿ2990941 ಅಂತ ಒಂದು ತೇಪೆ (ಹಾಟ್‌ಫಿಕ್ಸ್), ಅದರ ಹಿಂದೆ ಕೆಬಿ3087873 ಕೊಟ್ಟಿತು. ಅವನ್ನು ಸೇರಿಸಿದರೆ ಡಿಸ್ಕ್ ಕಾಣುತ್ತೆ ನಿಜ. ಆದರೆ ಲೆಗಸಿ ಬೂಟ್‌ನಲ್ಲಿ ಬಹುಪಾಲು ಲ್ಯಾಪ್‌ಟಾಪುಗಳು ಎನ್‌ವಿಎಂಇಯಿಂದ ಏಳೋದೇ ಇಲ್ಲ. ಇನ್‌ಸ್ಟಾಲ್ ಪೂರ್ತಿ ಆಗಿ, ರೀಸ್ಟಾರ್ಟ್ ಆಗಿ, 'ಬೂಟ್ ಡಿವೈಸ್ ಸಿಗಲಿಲ್ಲ' ಅಂತ ಬರುತ್ತೆ. ಈ ಲ್ಯಾಪ್‌ಟಾಪಿನಲ್ಲಿ ಎರಡೂವರೆ ಇಂಚಿನ ಡಿಸ್ಕಿಗೂ ಜಾಗ ಇತ್ತು. ಅಲ್ಲಿಗೊಂದು 240 ಜಿಬಿಯ, ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಹಾಕಿದೆ. ಸೆಟಪ್‌ನಲ್ಲಿ ಸಾಟಾ ಮೋಡ್ 'ರೇಡ್' ಅಂತಿದ್ದದ್ದನ್ನು ಎಎಚ್‌ಸಿಐಗೆ ಬದಲಾಯಿಸಿದೆ. ಎಎಚ್‌ಸಿಐ ಡ್ರೈವರ್ ವಿಂಡೋಸ್ 7ರ ಒಳಗೇ ಇದೆ. ಡಿಸ್ಕಿನ ತಂಟೆ ಅಲ್ಲಿಗೆ ಮುಗೀತು.

ಇನ್ನು ಯುಎಸ್‌ಬಿ. ನನ್ನ ಹತ್ತಿರ ಬರುವ ಹೆಚ್ಚಿನ ಕೇಸುಗಳು ನಿಂತಿರೋದು ಇಲ್ಲೇ.

ಇನ್‌ಸ್ಟಾಲ್‌ಗೆ ಪೆನ್‌ಡ್ರೈವ್ ಮಾಡಲು ರುಫಸ್ ಅನ್ನೋ ಪ್ರೋಗ್ರಾಂ ಸಾಕು. ಅದರಲ್ಲಿ ಪಾರ್ಟಿಷನ್ ಎಂಬಿಆರ್, ಟಾರ್ಗೆಟ್ ಬಯಾಸ್ ಅಂತ ಆರಿಸಿ. ಡಿವಿಡಿಯಲ್ಲಿ ಇರುವಂತೆಯೇ ಹಾಕಿದರೆ ವಿಂಡೋಸ್ ಬಾವುಟ ಬರುತ್ತೆ, ಭಾಷೆ ಕೇಳುತ್ತೆ, ಲ್ಯಾಪ್‌ಟಾಪಿನ ಕೀಬೋರ್ಡೂ ಓಡುತ್ತೆ. ಆಮೇಲೆ 'ಸಿಡಿ ಅಥವಾ ಡಿವಿಡಿ ಡ್ರೈವಿಗೆ ಬೇಕಾದ ಡ್ರೈವರ್ ಇಲ್ಲ' ಅಂತ ಒಂದು ಕಿಟಕಿ. ಜನ ಇದನ್ನು ನೋಡಿ ಐಎಸ್‌ಒ (ಡಿವಿಡಿಯ ನಕಲು ಫೈಲ್) ಕೆಟ್ಟಿದೆ ಅಂತಾರೆ, ಇನ್ನೊಂದು ಡೌನ್‌ಲೋಡ್ ಮಾಡ್ತಾರೆ, ಪೆನ್‌ಡ್ರೈವ್ ಬದಲಾಯಿಸ್ತಾರೆ. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ವಲ್ಲ ಅಂತ ತಲೆ ಕೆರೆದುಕೊಂಡವರೂ ಇದ್ದಾರೆ.

ಆಗೋದು ಇಷ್ಟು. ಆ ಕಿಟಕಿ ಬರುವವರೆಗೂ ಪೆನ್‌ಡ್ರೈವ್ ಓದುತ್ತಿದ್ದುದು ಬಯಾಸ್. ಊರ ಬಾಗಿಲವರೆಗೆ ಕೈಹಿಡಿದು ಕರೆತಂದವನು ಅಲ್ಲಿಂದ ವಾಪಸು ಹೋಗಿಬಿಟ್ಟ ಹಾಗೆ, ಬೂಟ್.ವಿಮ್ ಅನ್ನೋ ಇನ್‌ಸ್ಟಾಲರಿನ ಫೈಲ್ ಮೆಮೊರಿಗೆ ಬಂದು ವಿಂಡೋಸ್ ಎದ್ದ ಮೇಲೆ ಬಯಾಸ್ ಪಕ್ಕಕ್ಕೆ ಸರಿಯುತ್ತೆ. ಇನ್ನು ಪೆನ್‌ಡ್ರೈವನ್ನು ವಿಂಡೋಸ್ ತನ್ನ ಸ್ವಂತ ಡ್ರೈವರಿನಿಂದಲೇ ಓದಬೇಕು. 2009ರ ವಿಂಡೋಸ್ 7ರಲ್ಲಿ ಯುಎಸ್‌ಬಿ 2ಕ್ಕೆ ಡ್ರೈವರ್ ಇದೆ, ಯುಎಸ್‌ಬಿ 3ರ ಕಂಟ್ರೋಲರ್ ಆದ ಎಕ್ಸ್‌ಎಚ್‌ಸಿಐಗೆ ಇಲ್ಲ. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಎರಡೂ ಕಂಟ್ರೋಲರ್ ಇರುತ್ತಿದ್ದವು, ಹಾಗಾಗಿ ಕಪ್ಪು ಪೋರ್ಟಿಗೆ ಚುಚ್ಚಿದರೆ ಕೆಲಸ ಆಗುತ್ತಿತ್ತು. 2015ರಲ್ಲಿ ಬಂದ ಆರನೇ ತಲೆಮಾರಿನ ಸ್ಕೈಲೇಕ್‌ನಿಂದ ಹಳೆಯ ಕಂಟ್ರೋಲರ್ ತೆಗೆದೇಬಿಟ್ಟರು. ಈಗ ಪೋರ್ಟ್ ಕಪ್ಪಗಿದ್ದರೂ ನೀಲಿಯಾಗಿದ್ದರೂ ಒಳಗಿರೋದು ಎಕ್ಸ್‌ಎಚ್‌ಸಿಐ. ಕೀಬೋರ್ಡ್ ಮಾತ್ರ ಓಡಿದ್ದು ಯಾಕೆ ಅಂದ್ರೆ, ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದು ಒಳಗಡೆ ಯುಎಸ್‌ಬಿ ಅಲ್ಲದ, ಹಳೆಯ ಪಿಎಸ್/2 ದಾರಿಯಲ್ಲೇ ಇನ್ನೂ ಇದೆ. ಅದೇ ಹೊತ್ತಿಗೆ ಹೊರಗಿನ ಮೌಸ್ ಚುಚ್ಚಿ ನೋಡಿ, ಬಾಣ ಅಲ್ಲಾಡೋದಿಲ್ಲ. ಅಲ್ಲಿಗೆ ರೋಗ ಯಾವುದು ಅಂತ ಖಾತ್ರಿ, ಇನ್ನೊಂದು ಐಎಸ್‌ಒ ಇಳಿಸೋದು ಬೇಕಿಲ್ಲ.

ಮದ್ದು ಅಂದರೆ ಡ್ರೈವರನ್ನು ಮುಂಚೆಯೇ ಇನ್‌ಸ್ಟಾಲ್ ಫೈಲುಗಳೊಳಗೆ ಸೇರಿಸಿಡೋದು. ಬೇರೆ ವಿಂಡೋಸ್ 10 ಮಷೀನಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಥ ಫೈಲುಗಳನ್ನು ಬಿಚ್ಚಿ ತಿದ್ದುವ ಡಿಸ್ಮ್ ಬಳಸಿದೆ. ಡಿವಿಡಿಯ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿ, ಸೋರ್ಸಸ್ ಒಳಗಿನ ಬೂಟ್.ವಿಮ್ ಅನ್ನು ಮೌಂಟ್ ಮಾಡಿ, ಇಂಟೆಲ್‌ನ ವಿಂಡೋಸ್ 7 ಯುಎಸ್‌ಬಿ 3 ಡ್ರೈವರಿನ 32 ಬಿಟ್ ಫೋಲ್ಡರ್ ತೋರಿಸಿ ಆ್ಯಡ್-ಡ್ರೈವರ್ ಕೊಡಬೇಕು. ಆಮೇಲೆ ಬದಲಾವಣೆ ಉಳಿಸುವ ಕಮಿಟ್ ಜೊತೆಗೆ ಅನ್‌ಮೌಂಟ್. ಬೂಟ್.ವಿಮ್‌ನಲ್ಲಿ ಎರಡು ಇಂಡೆಕ್ಸ್ (ಭಾಗ) ಇವೆ, ಸೆಟಪ್ ಇರೋದು ಎರಡನೆಯದರಲ್ಲಿ. ಎರಡಕ್ಕೂ ಸೇರಿಸಿಬಿಡಿ. ಡಿಸ್ಕಿಗೆ ಇಳಿಯುವ ವಿಂಡೋಸ್ ಇರೋದು ಇನ್‌ಸ್ಟಾಲ್.ವಿಮ್‌ನಲ್ಲಿ. ಅದರಲ್ಲಿ ನಿಮ್ಮ ಆವೃತ್ತಿಯ ಇಂಡೆಕ್ಸ್ ಯಾವುದು ಅಂತ ಗೆಟ್-ವಿಮ್‌ಇನ್ಫೋ ಹೇಳುತ್ತೆ, ಅದಕ್ಕೂ ಇದೇ ಉಪಚಾರ. ತಿದ್ದಿದ ಎರಡೂ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಬೂಟ್.ವಿಮ್‌ಗೆ ಮಾತ್ರ ಹಾಕಿ ಸುಮ್ಮನಾದರೆ ಇನ್‌ಸ್ಟಾಲ್ ಚೆನ್ನಾಗೇ ಮುಗಿಯುತ್ತೆ, ಡೆಸ್ಕ್‌ಟಾಪೂ ಬರುತ್ತೆ, ಆದರೆ ಒಂದೂ ಯುಎಸ್‌ಬಿ ಪೋರ್ಟಿಗೆ ಜೀವ ಇರೋದಿಲ್ಲ. ನಮ್ಮ ಕೇಸಿನಲ್ಲಿ ಡಾಂಗಲ್ಲೇ ಯುಎಸ್‌ಬಿ! ಅನ್‌ಮೌಂಟ್ ಮಾಡುವಾಗ ಆ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿರಬಾರದು, ತೆರೆದಿದ್ದರೆ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತೆ.

ಎಂಟನೇ ತಲೆಮಾರಿಗೆ ಈ ಡ್ರೈವರ್ ಹೊಂದುತ್ತಾ ಅಂತ ಅನುಮಾನ ಸಹಜ. 2017ರಲ್ಲಿ ಬಂದ ಎಂಟನೇ ತಲೆಮಾರಿನ ಮೊದಲ ಕಂತಿನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ, ಅಂದರೆ 8250ಯು ಥರದವುಗಳಲ್ಲಿ, ಯುಎಸ್‌ಬಿ ನೋಡಿಕೊಳ್ಳುವ ಚಿಪ್‌ಸೆಟ್ ಭಾಗ ಸ್ಕೈಲೇಕ್ ಕಾಲದ್ದೇ. ಅದಕ್ಕೇ ಇಂಟೆಲ್‌ನ ಹಳೆಯ ಡ್ರೈವರ್ ತಕರಾರಿಲ್ಲದೆ ಕೂತಿತು. ಪ್ರೊಸೆಸರಿನ ಮೇಲಿನ ಸಂಖ್ಯೆಗಿಂತ ವಿಂಡೋಸ್ 10ರ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುವ ಹಾರ್ಡ್‌ವೇರ್ ಐಡಿಯನ್ನೇ ನಂಬಿ. ಆ ಐಡಿ ಡ್ರೈವರಿನ ಐಎನ್‌ಎಫ್ ಫೈಲಿನಲ್ಲಿ ಇದ್ದರೆ ಹೊಂದುತ್ತೆ, ಇಲ್ಲದಿದ್ದರೆ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ಹುಡುಕಿದರೆ ಎರಡು ನಿಮಿಷದ ಕೆಲಸ.

ಇನ್‌ಸ್ಟಾಲ್ ಆಯಿತು. ಪರದೆ ಮಾತ್ರ ಸತಾಯಿಸಿತು. ಈ ತಲೆಮಾರಿನ ಗ್ರಾಫಿಕ್ಸ್‌ಗೆ ಇಂಟೆಲ್ ವಿಂಡೋಸ್ 7ರ ಡ್ರೈವರ್ ಕೊಟ್ಟಿಲ್ಲ. ಯಾರೋ ತಿದ್ದಿದ ಡ್ರೈವರುಗಳು ಓಡಾಡುತ್ತವೆ, ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ನನಗೆ ಅವು ಬೇಡ. ವಿಂಡೋಸ್‌ನ ಒಳಗೇ ಇರುವ ಸಾಮಾನ್ಯ ಡ್ರೈವರ್ ಸ್ಟ್ಯಾಂಡರ್ಡ್ ವಿಜಿಎಯಲ್ಲೇ ಇರಬೇಕಾಯಿತು. ಅದರಲ್ಲಿ ಬ್ರೈಟ್‌ನೆಸ್ ಕೀ ಓಡೋದಿಲ್ಲ, ಸ್ಲೀಪ್ ಇಲ್ಲ, 1366×768 ಚುಕ್ಕಿಗಳ ಪರದೆಗೆ 1024×768ರ ಚಿತ್ರವನ್ನು ಎಳೆದು ತುಂಬಿಸುತ್ತೆ. ಯಜಮಾನರು ಒಂದು ಹಳೆಯ ಲಗ್ನಪತ್ರಿಕೆ ತೆರೆದರು. ಮೇಲಿದ್ದ ಗಣಪತಿ ಪೂರ್ತಿ ಅಡ್ಡಡ್ಡ ಬೆಳೆದುಬಿಟ್ಟಿದ್ದ. "ಇದೇನಪ್ಪ, ಕಡುಬು ಜಾಸ್ತಿಯಾಯ್ತಾ?" ಅಂದರು. ಪ್ರಿಂಟ್ ಸರಿಯಾಗೇ ಬರುತ್ತೆ, ಆದರೆ ಕಣ್ಣಳತೆಯಲ್ಲಿ ವಿನ್ಯಾಸ ಮಾಡುವವರಿಗೆ ಇದು ಆಗೋದಿಲ್ಲ. ಸತ್ತ ಡೆಸ್ಕ್‌ಟಾಪಿನ ಹಳೆಯ ಎಲ್‌ಸಿಡಿ ಮಾನಿಟರ್ ಮೂಲೆಯಲ್ಲಿತ್ತು, 1280×1024ರದ್ದು. ಆನ್ ಮಾಡುವ ಮುಂಚೆಯೇ ಅದನ್ನು ಜೋಡಿಸಿದರೆ ಬಯಾಸ್ ಅದಕ್ಕೂ ಚಿತ್ರ ಕಳಿಸುತ್ತೆ, ಆ ಅಳತೆ ಸ್ಟ್ಯಾಂಡರ್ಡ್ ವಿಜಿಎ ಪಟ್ಟಿಯಲ್ಲೂ ಇತ್ತು. ಗಣಪತಿ ಮತ್ತೆ ಮೊದಲಿನ ಗಾತ್ರಕ್ಕೆ ಬಂದ.

ಟಚ್‌ಪ್ಯಾಡಿಗೆ ಡ್ರೈವರ್ ಇಲ್ಲ, ಮೌಸ್ ಇಟ್ಟುಕೊಂಡರು. 8 ಜಿಬಿಯಲ್ಲಿ ಮೂರು ಚಿಲ್ಲರೆ ಜಿಬಿ ಮಾತ್ರ ಬಳಕೆಗೆ ಸಿಗುತ್ತೆ, 32 ಬಿಟ್‌ನ ಮಿತಿ ಅದು. ಪೇಜ್‌ಮೇಕರಿಗೆ ಅಷ್ಟೂ ಬೇಡ. ವೈಫೈಗೆ ಡ್ರೈವರ್ ಹುಡುಕಲೇ ಇಲ್ಲ, ಯಾಕೆಂದರೆ ಈ ಮಷೀನನ್ನು ನೆಟ್ಟಿಗೆ ಹಾಕಬಾರದು ಅಂತ ಮೊದಲೇ ಮಾತಾಗಿತ್ತು. ಆದರೂ ಅಪ್‌ಡೇಟ್‌ಗಳನ್ನು ಕೈಯಾರೆ ಹಾಕಿದೆ. ಎಸ್‌ಪಿ1 (ಸರ್ವಿಸ್ ಪ್ಯಾಕ್ 1) ಆದ ಮೇಲೆ ಕೆಬಿ3020369, ನಂತರ 2016ರ ದೊಡ್ಡ ಕಟ್ಟು ಕೆಬಿ3125574, ಆಮೇಲೆ ಶಾ-2 ಅನ್ನೋ ಹೊಸ ಬಗೆಯ ಡಿಜಿಟಲ್ ಸಹಿ ಗುರುತಿಸಲು ಕೆಬಿ4490628, ಕೆಬಿ4474419. ಈ ಕೊನೆಯ ಎರಡು ಇಲ್ಲದಿದ್ದರೆ ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ಅಪ್‌ಡೇಟ್‌ಗಳನ್ನು ವಿಂಡೋಸ್ 7 ಒಪ್ಪೋದಿಲ್ಲ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎಸ್‌ಎಂಬಿಗೆ 2017ರ ಮಾರ್ಚ್‌ನಲ್ಲಿ ಬಂದ ಪ್ಯಾಚೂ ಹಾಕಿದೆ. ಆ ವರ್ಷದ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕುವ ವಾನಾಕ್ರೈ ವೈರಸ್ ನುಗ್ಗಿದ್ದು ಅದೇ ಸಂದಿಯಲ್ಲಿ, ಹೆಚ್ಚು ಪೆಟ್ಟು ತಿಂದಿದ್ದು ಪ್ಯಾಚ್ ಹಾಕದ ವಿಂಡೋಸ್ 7 ಮಷೀನುಗಳೇ. ಪ್ರೆಸ್ಸಿಗೆ ಊರಿನ ಪೆನ್‌ಡ್ರೈವೆಲ್ಲ ಬರುತ್ತೆ, ಆದ್ದರಿಂದ ಪ್ರೋಗ್ರಾಂ ತಾನಾಗೇ ಓಡಿಸುವ ಆಟೋರನ್ ಪೂರ್ತಿ ಬಂದ್.

ಇದಾದ ಮೇಲೆ ಅವರ ಮಗ ತನ್ನ ಹೊಸ ಲ್ಯಾಪ್‌ಟಾಪ್ ತಂದ. "ಅಣ್ಣ, ಇದಕ್ಕೂ ಹಾಕ್ಬಿಡಿ, ಮನೇಲಿ ಕೂತು ಮಾಡ್ತೀನಿ." ಹನ್ನೆರಡನೇ ತಲೆಮಾರು, ಲೆಗಸಿ ಇಲ್ಲವೇ ಇಲ್ಲ. ಇಂಥವಕ್ಕೆ 64 ಬಿಟ್ ಪ್ರಯತ್ನ ಮಾಡುವವರಿಗೆ 'ಎ5' ಅನ್ನೋ ಎಸಿಪಿಐ ನೀಲಿ ಪರದೆ ಕಾದಿರುತ್ತೆ, ಡಿಸ್ಕುಗಳನ್ನು ನಿಭಾಯಿಸುವ ಇಂಟೆಲ್‌ನ ವಿಎಂಡಿ ಆನ್ ಇದ್ದರೆ ಡಿಸ್ಕೂ ಕಾಣೋದಿಲ್ಲ. ಅವನ ವಿಂಡೋಸ್ 11 ಮುಟ್ಟದೆ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಹಾಕುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ 32 ಬಿಟ್ ವಿಂಡೋಸ್ 7 ಕೂರಿಸಿದೆ. ಡಿಸ್ಮ್ ಇಲ್ಲ, ಡ್ರೈವರ್ ಬೇಟೆ ಇಲ್ಲ, ಯಾಕೆಂದರೆ ಅದು ತೋರಿಸುವ ಹಾರ್ಡ್‌ವೇರೇ ಹಳೆಯ ಕಾಲದ್ದು. ಅದರದ್ದೇ ಗೆಸ್ಟ್ ಅಡಿಷನ್ಸ್ ಅನ್ನೋ ಕಟ್ಟನ್ನು ಹಾಕಿದ ಮೇಲೆ ಪರದೆ ಕಿಟಕಿಯ ಅಳತೆಗೆ ತಾನೇ ಹೊಂದಿಕೊಂಡಿತು. ಯುಎಸ್‌ಬಿ ಫಿಲ್ಟರಿನಲ್ಲಿ ಡಾಂಗಲ್ ಸೇರಿಸಿದ ಮೇಲೆ ಕನ್ನಡವೂ ಬಂತು. ನಿಜ ಹೇಳಬೇಕೆಂದರೆ ಡಾಂಗಲ್ ಹೀಗೆ ಒಪ್ಪುವುದಾದರೆ ಹತ್ತರಲ್ಲಿ ಒಂಬತ್ತು ಪ್ರೆಸ್ಸಿಗೆ ನಾನು ಇದನ್ನೇ ಹೇಳುತ್ತೇನೆ. ಯಜಮಾನರ 8 ಜಿಬಿ ಲ್ಯಾಪ್‌ಟಾಪಿನಲ್ಲೂ ಓಡುತ್ತಿತ್ತು. ಆದರೆ ಆನ್ ಮಾಡಿದರೆ ನೇರ ಸೆವೆನ್ ಬರಬೇಕು, ಒಂದು ವಿಂಡೋಸಿನೊಳಗೆ ಇನ್ನೊಂದು ಅಂದ್ರೆ ನಮ್ಮ ಹುಡುಗರಿಗೆ ಗೊಂದಲ ಅಂತ ಅವರ ಹಠ.

ಕೊನೆಯ ಕೆಲಸವಾಗಿ ಕ್ಲೋನ್‌ಜಿಲ್ಲಾದಿಂದ ಪೂರ್ತಿ ಡಿಸ್ಕಿನ ಇಮೇಜ್ ತೆಗೆದು ಒಂದು ಪ್ರತಿ ಅವರಿಗೆ ಕೊಟ್ಟು ಒಂದನ್ನು ನಾನಿಟ್ಟುಕೊಂಡೆ. ಎಸ್‌ಎಸ್‌ಡಿ ಹೋದರೆ ಬೇರೆಯದಕ್ಕೆ ಇಳಿಸಿದರಾಯಿತು. ಡಾಂಗಲ್ ಹೋದರೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ. ಅಪ್ಪ ಮಗ ಇಬ್ಬರ ನಡುವೆ ಇರೋದು ಅದೊಂದೇ, ಸಂಜೆ ಅಂಗಡಿ ಬಾಗಿಲು ಹಾಕುವಾಗ ಮಗ ಅದನ್ನು ಕಿತ್ತುಕೊಂಡು ಮನೆಗೆ ಹೋಗುತ್ತಾನೆ. ಬೀಗದ ಕೈ ಗೊಂಚಲಿಗೆ ಕಟ್ಟಿಕೋ ಅಂತ ಹೇಳಿದ್ದೇನೆ.