ರವಿಕೆ ತೋಳು ಬಿಗಿಯಾಯ್ತು, ಪಕ್ಕ ಸಡಿಲಾಯ್ತು: ನನ್ನ ಜಿಮ್ ಅನುಭವ

ನಮ್ಮ ಜಿಮ್ಮಿಗೆ ಹೊಸದಾಗಿ ಬರೋ ಹೆಂಗಸರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. "ಅಕ್ಕಾ, ಭಾರ ಎತ್ತಿದ್ರೆ ಗಂಡಸರಂಗೆ ಆಗ್ತೀವೇನ್ರಿ?" "ನಂಗೆ ಮಸಲ್ಸ್ ಬ್ಯಾಡ, ಬರೀ ಟೋನ್ ಆದ್ರೆ ಸಾಕು, ಅದಕ್ಕೆ ಯಾವ್ದು ಮಾಡ್ಬೇಕು?" "ತೂಕ ಇಳಿಸೋಕೆ ಯಾವ ಪೌಡರ್ ತಗೊಳ್ತೀರಿ?" ನಾನು ಟ್ರೈನರ್ ಅಲ್ಲ. ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ, ವಯಸ್ಸು ನಲವತ್ತು ದಾಟಿದೆ, ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರಲ್ಲ. ಅಂಥವಳು ಭಾರದ ಕಬ್ಬಿಣದ ಬಾರ್ ಎತ್ತೋದು ಕಂಡು ಧೈರ್ಯ ಬಂದು ಕೇಳ್ತಾರೆ ಅನ್ಸುತ್ತೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹೆಂಗಸರ ರಕ್ತದಲ್ಲಿ ಸ್ನಾಯು ಬೆಳೆಸೋ ಹಾರ್ಮೋನು ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ ಗಂಡಸರಲ್ಲಿ ಇರೋದ್ರ ಹತ್ತನೇ ಒಂದು ಪಾಲೂ ಇರಲ್ಲ. ದುಗ್ಗಮ್ಮನ ಜಾತ್ರೆ ಕುಸ್ತಿಗೆ ಇಳಿಯೋ ಹುಡುಗ್ರು ವರ್ಷಗಟ್ಟಲೆ ಗರಡಿಯಲ್ಲಿ ಮೈ ದಂಡಿಸಿ ಆ ತೋಳು ಮಾಡ್ಕೊಂಡಿರ್ತಾರೆ. ಐದು ಕೆಜಿ ಡಂಬೆಲ್ ಹಿಡಿದ ತಿಂಗಳಿಗೇ ನಮಗೆ ಅದು ಬಂದುಬಿಡೋ ಹಾಗಿದ್ರೆ ಅವರೆಲ್ಲ ಗರಡಿ ಬಿಟ್ಟು ಇಲ್ಲಿಗೇ ಬರ್ತಿದ್ರು.

ಟೋನಿಂಗ್ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು. ಟೋನಿಂಗಿಗೆ ಅಂತ ಬೇರೆ ವ್ಯಾಯಾಮ ಇಲ್ಲ. ಕನ್ನಡೀಲಿ ನಾವು ನೋಡಬೇಕು ಅಂತಿರೋ ಆ ಬಿಗಿ ಬರೋದು ಎರಡು ಕೆಲಸದಿಂದ: ಒಳಗಿನ ಸ್ನಾಯು ಸ್ವಲ್ಪ ಬೆಳೀಬೇಕು, ಮೇಲಿನ ಕೊಬ್ಬು ಸ್ವಲ್ಪ ಕರಗಬೇಕು. ಒಂದೊಂದು ಕೆಜಿ ಗುಲಾಬಿ ಡಂಬೆಲ್ ಹಿಡಿದು ಐವತ್ತು ಸಲ ಕೈ ಆಡಿಸಿದ್ರೆ ಎರಡೂ ಸರಿಯಾಗಿ ಆಗಲ್ಲ. ಹೊಟ್ಟೆ ಕರಗಲಿ ಅಂತ ಮಲಗಿ ಭುಜ ಎತ್ತೋ ಕ್ರಂಚಸ್ ಹೊಡೆದ್ರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತೆ ಅಷ್ಟೇ; ಕೊಬ್ಬು ಎಲ್ಲಿಂದ ಮೊದಲು ಕರಗಬೇಕು ಅನ್ನೋದು ನಮ್ಮ ಕೈಲಿಲ್ಲ. ನನಗಂತೂ ಮೊದಲು ಇಳಿದದ್ದು ಮುಖ, ಕೊನೆಗೆ ಹೊಟ್ಟೆ. ಸೊಂಟಕ್ಕೆ ಸುತ್ತೋ ಬೆವರಿನ ಬೆಲ್ಟಿನ ಬಗ್ಗೆ ಹೇಳೋದೇ ಬೇಡ. ಇಳಿಯೋದು ನೀರು, ಎರಡು ಲೋಟ ಕುಡಿದ್ರೆ ವಾಪಸ್.

ನಾನು ಮಾಡಿದ್ದು ಹೀಗೆ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಶಾಲೆ ಮುಗಿಸಿಕೊಂಡು. ಪ್ರತಿ ಸಲವೂ ಇಡೀ ಮೈಗೆ. ಎದೆಗೆ ಡಂಬೆಲ್ ಆನಿಸಿಕೊಂಡು ಬಸ್ಕಿ, ಸೊಂಟದಿಂದ ಬಾಗಿ ಏಳೋ ಡೆಡ್‌ಲಿಫ್ಟ್, ಮಲಗಿ ಮೇಲಕ್ಕೆ ಒತ್ತೋದು, ಕೇಬಲ್ ಎಳೆಯೋದು, ಕೊನೆಗೆ ಮೊಣಕೈ ಊರಿ ಮೈ ಹಲಗೆ ಹಾಗೆ ನೆಟ್ಟಗೆ ಹಿಡಿಯೋ ಪ್ಲ್ಯಾಂಕ್. ಪ್ಲ್ಯಾಂಕ್ ಬಿಟ್ಟು ಒಂದೊಂದಕ್ಕೆ ಮೂರು ಸೆಟ್, ಸೆಟ್ಟಿಗೆ ಎಂಟರಿಂದ ಹನ್ನೆರಡು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ಮೂರೂ ಸೆಟ್ಟಿನಲ್ಲಿ ಹನ್ನೆರಡು ಮುಟ್ಟಿದ ಮೇಲೆ ಮುಂದಿನ ಸಲ ಎರಡೂವರೆ ಕೆಜಿ ಜಾಸ್ತಿ, ಎಂಟರಿಂದ ಮತ್ತೆ ಶುರು. ಇದನ್ನ ಹಳೇ ಕೋಷ್ಟಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡ್ತೀನಿ. ಬರೆಯದೇ ಇರೋರು ವರ್ಷವಿಡೀ ಅದೇ ಭಾರ ಎತ್ತಿ "ಏನೂ ಆಗ್ಲಿಲ್ರಿ" ಅಂತಾರೆ. ಖಾಲಿ ಬಾರೇ ಇಪ್ಪತ್ತು ಕೆಜಿ, ಅದು ಮೊದಲಿಗೆ ಭಯ ಹುಟ್ಟಿಸುತ್ತೆ. ಈಗ ಡೆಡ್‌ಲಿಫ್ಟಿಗೆ ಅರವತ್ತು ಎತ್ತುತ್ತೀನಿ, ಮನೆಯಲ್ಲಿ ಅಕ್ಕಿ ಮೂಟೆ ಸರಿಸೋಕೆ ಯಾರನ್ನೂ ಕರೆಯಲ್ಲ.

ಜಿಮ್ ಇಲ್ಲದ ದಿನ ಕುಂದವಾಡ ಕೆರೆ ಏರಿ ಮೇಲೆ ನಡಿಗೆ. ಅಲ್ಲಿ ನಡೆದು ವಾಪಸ್ ಬರ್ತಾ ಖಾರ ಮಂಡಕ್ಕಿ, ಮಿರ್ಚಿ ತಿನ್ನೋರನ್ನ ನೋಡಿ ನಗಬೇಡಿ, ನಾನೂ ತಿಂತೀನಿ. ಬೆಣ್ಣೆ ದೋಸೆ ಬಿಟ್ಟು ಈ ಊರಲ್ಲಿ ಬದುಕೋ ಯೋಚನೆಯೂ ನನಗಿಲ್ಲ. ಭಾನುವಾರಕ್ಕೆ ಒಂದು ಅಂತ ಇಟ್ಕೊಂಡಿದ್ದೀನಿ.

ತೂಕದ ಮಷೀನು ನನ್ನ ಮಟ್ಟಿಗೆ ಅರ್ಧ ಸತ್ಯ ಹೇಳುತ್ತೆ. ತಿಂಗಳಿಗೆ ಒಂದೂವರೆ ಎರಡು ಕೆಜಿ ಇಳಿದ್ರೆ ಅದು ಒಳ್ಳೇ ವೇಗ. ಎಷ್ಟೋ ತಿಂಗಳು ಅದೂ ಇರ್ಲಿಲ್ಲ. ಟೇಪ್ ಮಾತ್ರ ಇಳೀತಾ ಇತ್ತು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅಂತ ವೈದ್ಯರು ಲೆಕ್ಕ ಹಾಕ್ತಾರೆ, ಗಂಡಸರಿಗೆ 90. ನನ್ನ ಗುರಿ ಇದ್ದದ್ದು ಆ ಟೇಪಿನ ಮೇಲೆ. ಬದಲಾವಣೆ ಮೊದಲು ಕಂಡುಹಿಡಿದವರು ನಮ್ಮ ಟೈಲರ್. "ಏನ್ರಿ ಟೀಚರ್, ತೋಳು ಬಿಗಿ ಆಗೈತಿ, ಪಕ್ಕ ಸಡ್ಲ ಆಗೈತಿ, ಎಲ್ಲಾರೂ ಎರಡೂ ಕಡಿ ಬಿಚ್ಚಿಸ್ತಾರೆ" ಅಂದ್ರು. ತೂಕ ಆ ತಿಂಗಳು ಒಂದು ಗ್ರಾಮೂ ಕದಲಿರಲಿಲ್ಲ.

ಇನ್ನು ಡಬ್ಬಿಗಳ ಕಥೆ. ನಮ್ಮಂಥ ಸಸ್ಯಾಹಾರಿಗಳಿಗೆ ನಿಜವಾದ ತಾಪತ್ರಯ ಪ್ರೋಟೀನು. ಭಾರ ಎತ್ತೋರಿಗೆ ದೇಹದ ತೂಕದ ಕೆಜಿಗೆ 1.6 ಗ್ರಾಂ ತನಕ ಉಪಯೋಗ ಇದೆ, ಅದಕ್ಕಿಂತ ಮೇಲೆ ಹೆಚ್ಚು ಲಾಭ ಕಾಣಲ್ಲ. ನನ್ನ ತೂಕ 64, ಅಂದ್ರೆ ಸುಮಾರು ನೂರು ಗ್ರಾಂ. ದಿನಕ್ಕೆ ಮೂರು ಜೋಳದ ರೊಟ್ಟಿಯಿಂದ 15, ಹಾಲು ಮೊಸರು ಸೇರಿ ಅರ್ಧ ಲೀಟರಿನಿಂದ 16, ಒಣಗಿದ್ದಾಗ ಐವತ್ತು ಗ್ರಾಂ ತೂಗೋ ಹೆಸರುಕಾಳಿನ ಉಸಳಿಯಿಂದ 12, ನಲವತ್ತು ಗ್ರಾಂ ಸೋಯಾ ಚಂಕ್ಸಿನಿಂದ 20, ಒಂದು ಹಿಡಿ ಶೇಂಗಾದಿಂದ 7, ಬೇಳೆ ಸಾರಿನಿಂದ 6. ಕೂಡಿಸಿ ನೋಡಿ, 76. ಉಳಿದದ್ದಕ್ಕೆ ಡಬ್ಬಿಯೊಳಗೇ ಬರೋ ದೊಡ್ಡ ಚಮಚದಲ್ಲಿ ಒಂದು ಚಮಚ ವೇ ಪ್ರೋಟೀನ್ ಪುಡಿ, ಅದರಲ್ಲಿ 24. ಸೋಯಾ, ಉಸಳಿ ಇನ್ನೂ ಹೆಚ್ಚು ತಿನ್ನೋಕೆ ಹೊಟ್ಟೆ ಒಪ್ಪಿದ್ರೆ ಆ ಡಬ್ಬಿಯೂ ಬೇಡ. ನಮ್ಮ ಅತ್ತೆಗೆ ಅದು ಏನೋ ಇಂಗ್ಲಿಷ್ ಔಷಧ ಅನ್ನೋ ಗುಮಾನಿ ಇತ್ತು. ಹಾಲೊಡೆದು ಪನೀರ್ ತೆಗೆದಾಗ ಕೆಳಗೆ ಉಳಿಯೋ ನೀರನ್ನ ಒಣಗಿಸಿದ್ದು ಅತ್ತೆ, ಅಂದ ಮೇಲೆ "ಹಂಗಾದ್ರೆ ನಂಗೂ ಒಂಚೂರು ಹಾಕು" ಅಂದ್ರು. ವೇ ಕುಡಿದ್ರೆ ಕೊಬ್ಬು ಕರಗಲ್ಲ, ಅದು ಊಟದ ಭಾಗ ಅಷ್ಟೇ. ಡಬ್ಬಿ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರ್ ಇಲ್ಲದಿದ್ರೆ ನಾನು ಮುಟ್ಟಲ್ಲ.

ಭಾರ ಎತ್ತೋವಾಗ ಸ್ನಾಯುವಿಗೆ ತಕ್ಷಣದ ಶಕ್ತಿ ಒದಗಿಸೋ ಕ್ರಿಯಾಟಿನ್ ಪುಡಿ ಕೂಡ ತಗೊಳ್ತೀನಿ, ದಿನಕ್ಕೆ ಮೂರು ಗ್ರಾಂ ಮೋನೋಹೈಡ್ರೇಟ್. ಅದು ಮಾಂಸ ಮೀನಿನಿಂದ ಸಿಗೋದ್ರಿಂದ ನಮ್ಮಂಥವರ ಸ್ನಾಯುವಿನಲ್ಲಿ ಕಡಿಮೆ ಇರುತ್ತೆ. ಶುರುವಿನಲ್ಲಿ ಒಂದೆರಡು ಕೆಜಿ ತೂಕ ಏರಬಹುದು, ಸ್ನಾಯುವಿನೊಳಗೆ ನಿಲ್ಲೋ ನೀರು ಅದು, ಗಾಬರಿ ಬೇಡ. ರಕ್ತ ಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳಿ, ಕಿಡ್ನಿ ಕೆಲಸ ನೋಡೋಕೆ ಅಳೆಯೋ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಮೇಲೆ ತೋರಿಸಬಹುದು. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಇದಕ್ಕೆ ಕೈ ಹಾಕಬಾರದು.

ತೂಕ ಇಳಿಸೋ ಮಾತ್ರೆ ಅಂತ ಒಬ್ಬ ಅಂಗಡಿಯವನು ನನಗೂ ದುಂಬಾಲು ಬಿದ್ದಿದ್ದ. ಹಿಂದಿನ ಲೇಬಲ್ ಓದಿದೆ: ಕೆಫೀನ್ 200 ಮಿಲಿಗ್ರಾಂ, ಗ್ರೀನ್ ಟೀ ಸಾರ, ಗಾರ್ಸಿನಿಯಾ ಸಾರ. ಮೊದಲನೆಯದು ಎರಡು ಲೋಟ ಗಟ್ಟಿ ಕಾಫಿ. ಮೂರನೆಯದು ನಮ್ಮ ಮಲೆನಾಡಿನವರು ಮೀನು ಸಾರಿಗೆ ಹಾಕೋ ಉಪ್ಪಾಗೆ ಹುಳಿ! ಅದನ್ನ ತಿಂದು ಮಲೆನಾಡಿನವರೆಲ್ಲ ತೆಳ್ಳಗಾಗಿಲ್ಲ. ಸಾರಿನಲ್ಲಿ ತಿಂದ್ರೆ ತೊಂದರೆ ಇಲ್ಲ, ಆದ್ರೆ ಗ್ರೀನ್ ಟೀ ಮತ್ತು ಗಾರ್ಸಿನಿಯಾದ ಗಟ್ಟಿ ಸಾರ ನುಂಗಿ ಲಿವರ್ ಕೆಡಿಸಿಕೊಂಡ ರೋಗಿಗಳು ವೈದ್ಯಕೀಯ ದಾಖಲೆಯಲ್ಲಿದ್ದಾರೆ. "ಪೂರ್ತಿ ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ" ಅನ್ನೋ ಪೊಟ್ಟಣಗಳ ಬಗ್ಗೆ ಇನ್ನೂ ಹುಷಾರು. ಸಿಬುಟ್ರಾಮಿನ್ ಅನ್ನೋ ಹಸಿವು ಕಟ್ಟೋ ಔಷಧವನ್ನ ಹೃದಯಕ್ಕೆ ಅಪಾಯ ಅಂತ 2010ರಲ್ಲಿ ಅಮೆರಿಕ ಮಾರುಕಟ್ಟೆಯಿಂದ ತೆಗೆದ್ರು, 2011ರಲ್ಲಿ ಭಾರತವೂ ನಿಷೇಧಿಸಿತು. ಆಮೇಲೂ ಗಿಡಮೂಲಿಕೆ ಅಂತ ಮಾರೋ ಮಾತ್ರೆಗಳಲ್ಲಿ ಅದು ಕದ್ದುಮುಚ್ಚಿ ಬೆರೆತು ಸಿಕ್ಕಿಬಿದ್ದಿದೆ. ಯಾವುದೋ ಪುಡಿ ನುಂಗಿದ ದಿನದಿಂದ ಹಸಿವೇ ಇಲ್ಲ, ಎದೆ ಡವಡವ ಅಂತಿದೆ ಅಂದ್ರೆ ಅದು ಕೆಲಸ ಮಾಡ್ತಿದೆ ಅಂತ ಖುಷಿಪಡಬೇಡಿ, ನಿಲ್ಲಿಸಿ ಡಾಕ್ಟರ ಹತ್ರ ಹೋಗಿ.

ಇತ್ತೀಚೆಗೆ ಒಬ್ಬಳು ಹುಡುಗಿ ಕೇಳಿದ್ಲು, "ಬಿಟ್ಟುಬಿಟ್ರೆ ಮಸಲ್ಸ್ ಎಲ್ಲಾ ಕೊಬ್ಬಾಗ್ತದಂತಲ್ಲಾ ಅಕ್ಕಾ?" ಸ್ನಾಯು ಬೇರೆ, ಕೊಬ್ಬು ಬೇರೆ, ಒಂದು ಇನ್ನೊಂದಾಗಲ್ಲ. ಬಿಟ್ಟವರು ದಪ್ಪ ಆಗೋದು ಜಿಮ್ ಬಿಟ್ಟು ಊಟ ಅಷ್ಟೇ ಇಟ್ಟುಕೊಂಡಿದ್ದಕ್ಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೆ ನನಗೂ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚು ಬಿಡುವಾಗಲ್ಲ. ಆಗ ಸೆಟ್ ಕಡಿಮೆ ಮಾಡ್ತೀನಿ, ಭಾರ ಇಳಿಸಲ್ಲ. ಅಷ್ಟಕ್ಕೇ ಶಕ್ತಿ ಬಹುಮಟ್ಟಿಗೆ ಉಳಿಯುತ್ತೆ, ಮೌಲ್ಯಮಾಪನ ಮುಗಿದ ಮೇಲೆ ಮೂರು ದಿನದ ಲೆಕ್ಕಕ್ಕೆ ವಾಪಸ್ ಬರ್ತೀನಿ.